ನೊವೊಮಿಯ ಮಡಿಲು
(ಮಾತೆ ಮರಿಯಮ್ಮನವರ ಜನನದ ಹಬ್ಬದ ಸಂಜೆಯ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಮಾತೆ ಮರಿಯಮ್ಮನವರ ಜನನದ ಹಬ್ಬವನ್ನು ನಾವಿಂದು ಕೊಂಡಾಡುತ್ತಿದ್ದೇವೆ. ಕರಾವಳಿಯ ನಮ್ಮ ಬಂಧುಗಳ ಮನೆಗಳಲ್ಲಿ ಇಂದು ಹೊಸ ತೆನೆಯ ಊಟ. ಶಿವಾಜಿನಗರದ ಬಸಿಲಿಕದ ಸುತ್ತ ಕಾವಿ ಬಟ್ಟೆ ತೊಟ್ಟ ಭಕ್ತರ ದೊಡ್ಡ ಸಂದಣಿ. ನಮ್ಮ ಈ ಚಿಕ್ಕ ಧರ್ಮಕೇಂದ್ರದಲ್ಲಿ ಮಾತ್ರ ಬೆಳಗಿನ ಹಬ್ಬದ ಪೂಜೆಗಿಂತ ಈ ಸಂಜೆಯ ಪೂಜೆಗೇ ಜನ ಹೆಚ್ಚು. ಕಾರಣ ಎಲ್ಲರಿಗೂ ಗೊತ್ತು, ಇಂದು ಕೆಲಸದ ದಿನ. ಹಿಂದಿನ ಬೆಂಚುಗಳಲ್ಲಿ ಕುಳಿತಿರುವ ಅನೇಕ ತಾಯಂದಿರು ಗಾರ್ಮೆಂಟ್ಸ್‌ನಿಂದ ನೇರವಾಗಿ ಇಲ್ಲಿಗೆ ಬಂದಿದ್ದಾರೆ. ಊಟದ ಡಬ್ಬಿಯ ಚೀಲ ಇನ್ನೂ ಕಾಲಬಳಿ ಇದೆ. ಬೆಳಗಿನಿಂದ ಅವರು ಬೆನ್ನು ಒರಗಿಸಿದ್ದು ಇದೇ ಮೊದಲಿರಬಹುದು. ಪ್ರಬೋಧನೆಯ ಹೊತ್ತಿನಲ್ಲಿ ತೂಕಡಿಸಿದರೆ ನಾವು ಬೇಸರ ಮಾಡಿಕೊಳ್ಳುವುದಿಲ್ಲ.

ಇಂದಿನ ಶುಭಸಂದೇಶವೂ ತೂಕಡಿಕೆ ಬರಿಸುವಂಥದೇ. ಅಬ್ರಹಾಮನಿಂದ ಹಿಡಿದು ಜೋಸೆಫರವರೆಗೆ ಮತ್ತಾಯನು ಸಾಲು ಸಾಲಾಗಿ ಹೆಸರುಗಳನ್ನು ಹೇಳಿಕೊಂಡು ಹೋಗುತ್ತಾನೆ. ಓದುವವರಿಗೆ ನಾಲಿಗೆ ತೊಡರುತ್ತದೆ, ಕೇಳುವವರು ಗಡಿಯಾರ ನೋಡುತ್ತಾರೆ. ಆದರೆ ಆ ಗಂಡಸರ ಪಟ್ಟಿಯ ನಡುವೆ, ಮರಿಯಳಿಗಿಂತ ಮೊದಲು, ನಾಲ್ವರು ಹೆಂಗಸರು ಬಂದು ನಿಂತಿದ್ದಾರೆ: ತಾಮಾರಳು, ರಹಾಬಳು, ರೂತಳು, ಊರೀಯನ ಹೆಂಡತಿ. ಮರಿಯಮ್ಮನವರ ಹಬ್ಬದ ದಿನ ಆ ರೂತಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಮಗೆ ಅನ್ನಿಸಿದೆ. ಏಕೆಂದರೆ ಅವಳು ಕೂಲಿಯ ಹೆಣ್ಣು.

ರೂತಳು ಮೋವಾಬ್ ದೇಶದವಳು. ಗಂಡನನ್ನು ಕಳೆದುಕೊಂಡು, ವಿಧವೆಯಾದ ಅತ್ತೆ ನೊವೊಮಿಯ ಜೊತೆ ಬೆತ್ಲೆಹೇಮಿಗೆ ಬಂದವಳು. ಅವರು ಬಂದಾಗ ಜವೆಗೋಧಿಯ ಸುಗ್ಗಿ ಶುರುವಾಗಿತ್ತು. ಹೊಟ್ಟೆಪಾಡಿಗಾಗಿ ಅವಳು ಹೊಲಕ್ಕೆ ಹೋಗಿ, ಕೊಯ್ಯುವವರ ಹಿಂದೆ ಉಳಿದ ತೆನೆಗಳನ್ನು ಹಕ್ಕಲಾಯುತ್ತಾಳೆ. ಈ ಹುಡುಗಿ ಯಾರೆಂದು ಹೊಲದ ಯಜಮಾನ ಬೋವಜನು ಕೇಳಿದಾಗ ಮೇಸ್ತ್ರಿ ಕೊಡುವ ಉತ್ತರವನ್ನು ಗಮನಿಸಿ. ಬೆಳಗ್ಗೆ ಬಂದವಳು ಸ್ವಲ್ಪ ಹೊತ್ತು ಬಿಟ್ಟರೆ ಇನ್ನೂ ಕುಳಿತೇ ಇಲ್ಲ ಎನ್ನುತ್ತಾನೆ. ಬೋವಜನು ಅವಳಿಗೆ ಮಾಡಿಕೊಟ್ಟ ಅನುಕೂಲಗಳಾದರೂ ಏನು? ಕೆಲಸದ ಗಂಡಸರು ಅವಳ ತಂಟೆಗೆ ಹೋಗಬಾರದೆಂದು ಅಪ್ಪಣೆ, ಬಾಯಾರಿದರೆ ಹೋಗಿ ಕುಡಿಯಲು ನೀರು, ಎಲ್ಲರೊಡನೆ ಕುಳಿತು ಊಟ. ಇಷ್ಟೇ. ಇದನ್ನು ಕೇಳುತ್ತಿರುವ ಗಾರ್ಮೆಂಟ್ಸ್ ತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ. ಸೂಪರ್‌ವೈಸರನ ಬೈಗುಳ ಏನೆಂದು ಅವರಿಗೆ ಗೊತ್ತು. ಮಧ್ಯೆ ಎದ್ದು ಶೌಚಾಲಯಕ್ಕೆ ಹೋದರೆ ಲೆಕ್ಕದ ಪೀಸುಗಳು ಹಿಂದೆ ಬೀಳುತ್ತವೆಂದು ನೀರನ್ನೇ ಕುಡಿಯದೆ ದಿನ ಕಳೆಯುವುದೂ ಗೊತ್ತು.

ಇನ್ನೊಂದು ಸಣ್ಣ ವಿಷಯ. ಊಟದಲ್ಲಿ ತನಗೆ ಮಿಕ್ಕಿದ್ದನ್ನು ರೂತಳು ಎತ್ತಿಟ್ಟುಕೊಂಡು ಸಂಜೆ ಮನೆಗೆ ತಂದು ಅತ್ತೆಗೆ ಕೊಡುತ್ತಾಳೆ. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಕೊಟ್ಟ ಸಿಹಿಯನ್ನು ಅಲ್ಲಿಯೇ ತಿಂದು ಮುಗಿಸಿದ ತಾಯಿ ನಿಮ್ಮಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ.

ಪ್ರಿಯರೇ, ಈಗ ನಾವು ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕಾಗಿದೆ. ಕಳೆದ ವರ್ಷ ಪ್ರಥಮ ಪರಮಪ್ರಸಾದದ ಮಕ್ಕಳ ತಂದೆತಾಯಂದಿರಿಗಾಗಿ, ಗುರುಗಳೂ ಪಾಲನಾ ಸಮಿತಿಯವರೂ ಸೇರಿ ನಾವು ಆರು ಸಭೆಗಳನ್ನು ಏರ್ಪಡಿಸಿದೆವು. ಶನಿವಾರ ಸಂಜೆ ನಾಲ್ಕು ಗಂಟೆಗೆ. ಅರ್ಧದಷ್ಟು ತಾಯಂದಿರು ಬರಲಿಲ್ಲ. ತಂದೆಯರು ಎಷ್ಟು ಮಂದಿ ಬಂದರೆಂದು ನಾವು ಎಣಿಸಲೂ ಇಲ್ಲ. ಮುಂದಿನ ಭಾನುವಾರ ಇದೇ ಪೀಠದ ಬಳಿ ನಿಂತು, ಮಕ್ಕಳ ವಿಶ್ವಾಸದ ಬಗ್ಗೆ ತಾಯಂದಿರಿಗೆ ಕಾಳಜಿಯಿಲ್ಲ ಎಂದು ಖಾರವಾಗಿಯೇ ನುಡಿದೆವು. ಪೂಜೆಯ ನಂತರ ಒಬ್ಬ ತಾಯಿ ಸಕ್ರಿಸ್ತಿಯ ಬಾಗಿಲಿಗೆ ಬಂದರು. ಗಲಾಟೆ ಮಾಡಲಿಲ್ಲ. “ಫಾದರ್, ನಮಗೆ ಶನಿವಾರವೂ ಐದೂವರೆ ತನಕ ಡ್ಯೂಟಿ. ಸಭೆಗೆ ಬರಬೇಕು ಅಂತಲೇ ಒಂದು ರಜೆ ಉಳಿಸಿಕೊಂಡಿದ್ದೆ. ಬುಧವಾರ ಮಗಳಿಗೆ ಜ್ವರ ಬಂತು, ಅದೂ ಹೋಯಿತು” ಎಂದರು. ಸ್ವಲ್ಪ ತಡೆದು, “ನೀವು ಹೇಳುವಾಗ ನನ್ನ ಮಗಳು ಮುಂದಿನ ಬೆಂಚಿನಿಂದ ತಿರುಗಿ ನನ್ನನ್ನೇ ನೋಡಿದಳು” ಎಂದರು.

ಆ ಮಾತು ಇಡೀ ವರ್ಷ ನಮ್ಮನ್ನು ಬಿಟ್ಟಿಲ್ಲ.

ಆ ಮೇಲೆ ನಾವು ಕಿರು ಕ್ರೈಸ್ತ ಸಮುದಾಯದ ಭೇಟಿಗೆ ಹೋದಲ್ಲೆಲ್ಲ, ಪ್ರಾರ್ಥನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಕುಳಿತು ಕೇಳಿಸಿಕೊಂಡೆವು. ನಾಲ್ಕೂವರೆಗೆ ಏಳುವುದು. ನೀರು ಬಿಡುವ ದಿನವಾದರೆ ಅದಕ್ಕೂ ಮೊದಲು. ತಿಂಡಿ, ಮಧ್ಯಾಹ್ನದ ಅಡುಗೆ, ಮೂರು ಡಬ್ಬಿ, ಪಾತ್ರೆ, ಮಕ್ಕಳ ಜಡೆ. ಗೇಟಿಗೆ ಹತ್ತು ನಿಮಿಷ ತಡವಾದರೆ ಆಗುವ ಅವಮಾನ. ಸಂಜೆ ಬಂದು ಮತ್ತೆ ಒಲೆಯ ಮುಂದೆ. ಹಾಲುಕುಡಿಯುವ ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ತಿಂಗಳಿಗೊಮ್ಮೆ ನೋಡಿಬರುವವರಿದ್ದಾರೆ. ಮೊದಮೊದಲು ಮಗು ಅತ್ತಿತು, ಈಗ ನಾನು ಹೋದರೂ ಅಜ್ಜಿಯ ಸೆರಗು ಬಿಡುವುದಿಲ್ಲ ಎಂದು ಒಬ್ಬರು ನಗುತ್ತಲೇ ಹೇಳಿದರು. ತಮ್ಮನನ್ನು ನೋಡಿಕೊಳ್ಳಲು ಏಳನೆಯ ತರಗತಿಯ ಅಕ್ಕ ವಾರಕ್ಕೆರಡು ದಿನ ಶಾಲೆ ತಪ್ಪಿಸುತ್ತಾಳೆ. ಅದನ್ನು ಹೇಳಿದ ತಾಯಿ ನಗಲಿಲ್ಲ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇತ್ತು, ಬಹಳ ಹಿಂದಿನಿಂದಲೂ ಇತ್ತು. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟಿದ್ದ 12 ವಾರಗಳ ಸಂಬಳ ಸಹಿತ ರಜೆ, 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. ಒಳ್ಳೆಯದೇ. ಆದರೆ ಕಿಕ್ಕಿರಿದ ಬಸ್ಸಿನಲ್ಲಿ ಕೈಗೂಸನ್ನು ಎತ್ತಿಕೊಂಡು ಆ ಕೊಠಡಿಯವರೆಗೆ ತಲುಪುವುದು ಹೇಗೆ? ಇನ್ನು ಮನೆಗೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಹೆರಿಗೆಯಾದರೆ, ವಾರಗಳ ಲೆಕ್ಕವೇ ಇಲ್ಲ. ತಿಂಗಳೊಪ್ಪತ್ತು ಬರದಿದ್ದರೆ ಆ ಮನೆಗೆ ಬೇರೆಯವರು ಬಂದಿರುತ್ತಾರೆ.

ಈ ತಾಯಂದಿರು ಬಾಯಿಲ್ಲದವರೆಂದು ಭಾವಿಸಬೇಡಿ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣವನ್ನು ಪೂರ್ತಿ ತೆಗೆದುಕೊಳ್ಳಲು 58 ವರ್ಷವಾಗುವತನಕ ಕಾಯಬೇಕೆಂಬ ನಿಯಮದ ಸುದ್ದಿ ಬಂದಾಗ, ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಕಲ್ಲು ತೂರಾಟ ನಡೆದದ್ದು, ಲಾಠಿ ಬೀಸಿದ್ದು ನಮಗೆ ನೆನಪಿದೆ, ಅದನ್ನು ಯಾರೂ ಮೆಚ್ಚಲಾರರು. ಆದರೆ ಆ ಹಣ ಅವರಿಗೆ ಏನಾಗಿತ್ತು? ಮಗನ ಕಾಲೇಜು ಶುಲ್ಕ, ಮಗಳ ಮದುವೆ, ಅಡವಿಟ್ಟ ಓಲೆ.

ನಾವು ಗುರುಗಳು ಒಂದು ಸುಲಭದ ದಾರಿ ಕಂಡುಕೊಂಡಿದ್ದೇವೆ, ಹೊಗಳುವುದು. ತಾಯಿ ಕ್ಷಮಯಾಧರಿತ್ರಿ, ತಾಯಿ ತ್ಯಾಗಮೂರ್ತಿ. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿಯನ್ನು ಮದುವೆ ಪೂಜೆಗಳಲ್ಲಿ ಎಷ್ಟು ಬಾರಿ ವರ್ಣಿಸಿದ್ದೇವೋ! ಕತ್ತಲಿರುವಾಗಲೇ ಏಳುತ್ತಾಳೆ, ನಾರುಬಟ್ಟೆ ನೇಯ್ದು ಮಾರುತ್ತಾಳೆ, ರಾತ್ರಿಯೂ ಅವಳ ದೀಪ ಆರುವುದಿಲ್ಲ. ಆ ಅಧ್ಯಾಯದ ಒಂದು ಮಾತನ್ನು ಮಾತ್ರ ನಾವು ಎಂದೂ ಒತ್ತಿ ಹೇಳಿಲ್ಲ. ಆಕೆಯ ಮನೆಯಲ್ಲಿ ಕೆಲಸದ ಹೆಣ್ಣುಮಕ್ಕಳಿದ್ದರು. ಇಲ್ಲಿ ಕುಳಿತಿರುವ ಬಹಳ ತಾಯಂದಿರು ಬೇರೆಯವರ ಮನೆಯ ಆ ಕೆಲಸದ ಹೆಣ್ಣುಮಕ್ಕಳೇ. ಇವರ ಮನೆಗೆ ಯಾರು? ತ್ಯಾಗಮೂರ್ತಿ ಎಂದು ಕರೆದುಬಿಟ್ಟರೆ ಪಾತ್ರೆ ತೊಳೆಯಲು ನಾವು ಏಳಬೇಕಾಗಿಲ್ಲ ನೋಡಿ.

ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪರಿಪತ್ರದಲ್ಲಿ, ಹೆಣ್ಣು ದುಡಿಯಹೊರಟದ್ದಕ್ಕೆ ಅವಳ ಕುಟುಂಬ ಬೆಲೆ ತೆರುವಂತಾಗಬಾರದು, ದುಡಿಮೆಯ ವ್ಯವಸ್ಥೆಯೇ ಅದಕ್ಕೆ ತಕ್ಕಂತೆ ಇರಬೇಕು ಎಂದು ಬೋಧಿಸಿದರು. 1995ರಲ್ಲಿ ಮಹಿಳೆಯರಿಗೇ ಒಂದು ಪತ್ರ ಬರೆದು ದುಡಿಯುವ ಹೆಂಗಸರಿಗೆ ಧನ್ಯವಾದ ಹೇಳಿದರು. ಅದೇ ಪತ್ರದಲ್ಲಿ, ಹೆಣ್ಣಿಗಾದ ಅನ್ಯಾಯದಲ್ಲಿ ಧರ್ಮಸಭೆಯ ಮಕ್ಕಳ ಪಾಲೂ ಇದ್ದರೆ ಅದಕ್ಕಾಗಿ ವಿಷಾದಿಸುತ್ತೇನೆ ಎಂದೂ ಬರೆದರು. ಜಗದ್ಗುರುಗಳೇ ಹಾಗೆ ಬರೆದ ಮೇಲೆ ನಾವು ಹಿಂಜರಿಯುವುದೇಕೆ? ಕಳೆದ ವರ್ಷದ ಆ ಮಾತಿಗಾಗಿ ತಾಯಂದಿರಲ್ಲಿ ಕ್ಷಮೆ ಕೇಳುತ್ತೇವೆ. ಮುಂದಿನ ಬೆಂಚಿನಿಂದ ತಿರುಗಿ ನೋಡಿದ ಆ ಮಗುವಿನಲ್ಲೂ ಕೇಳುತ್ತೇವೆ. ನಿನ್ನ ಅಮ್ಮ ತಪ್ಪು ಮಾಡಿರಲಿಲ್ಲ, ಕಂದಾ.

ರೂತಳ ಕಥೆಯ ಕೊನೆಯನ್ನು ಹೇಳಿಬಿಡುತ್ತೇವೆ. ಹೊಲದಲ್ಲಿ ದುಡಿಯುವಾಗ ಅವಳಿಗಿನ್ನೂ ಮಗುವಾಗಿರಲಿಲ್ಲ. ಬೋವಜನನ್ನು ಮದುವೆಯಾದ ಮೇಲೆ ಗಂಡುಮಗು ಹುಟ್ಟಿತು. ಆಗ ನೊವೊಮಿ ಆ ಮಗುವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ತಾನೇ ಸಾಕತೊಡಗಿದಳು. ಹಸಿದು ಬರಿಗೈಯಲ್ಲಿ ಊರಿಗೆ ಬಂದಿದ್ದ ಮುದುಕಿ ಅವಳು. ಆ ಮಗುವಿಗೆ ಓಬೇದನೆಂದು ಹೆಸರಿಟ್ಟವರು ಯಾರು ಗೊತ್ತೇ? ನೆರೆಮನೆಯ ಹೆಂಗಸರು! ತಂದೆ ಇಟ್ಟನೆಂದು ಪವಿತ್ರ ಗ್ರಂಥ ಹೇಳುವುದಿಲ್ಲ. ಆ ಓಬೇದನೇ ದಾವೀದ ಅರಸನ ಅಜ್ಜ. ಇವತ್ತಿನ ಶುಭಸಂದೇಶದಲ್ಲಿ ನೀವು ತೂಕಡಿಸುತ್ತ ಕೇಳಿದ ಹೆಸರುಗಳಲ್ಲಿ ಅದೂ ಒಂದು. ಯೇಸುವಿನ ವಂಶಾವಳಿಯ ಒಂದು ಕೂಸು ಬೆಳೆದದ್ದು ಅಜ್ಜಿಯ ಮಡಿಲಲ್ಲಿ, ಬೀದಿಯ ಹೆಂಗಸರ ಕಣ್ಣಮುಂದೆ.

ಅದಕ್ಕೇ ಪಾಲನಾ ಸಮಿತಿಯಲ್ಲಿ ಕುಳಿತು ಕೆಲವು ತೀರ್ಮಾನ ಮಾಡಿದ್ದೇವೆ. ಇನ್ನು ಮುಂದೆ ಪೋಷಕರ ಸಭೆಗಳೆಲ್ಲ ಭಾನುವಾರ ಎರಡನೆಯ ಪೂಜೆಯ ನಂತರ. ಸಭೆಗೆ ತಂದೆಯರ ಹಾಜರಾತಿಯನ್ನೂ ಬರೆದುಕೊಳ್ಳುತ್ತೇವೆ. ದೇವಾಲಯದ ಹಿಂದಿನ ಸಭಾಂಗಣಕ್ಕೆ ವಾರದ ದಿನಗಳಲ್ಲಿ ಬೀಗ ಹಾಕುವುದಿಲ್ಲ. ಶಾಲೆ ಬಿಟ್ಟ ಹೊತ್ತಿನಿಂದ ಸಂಜೆ ಏಳರವರೆಗೆ ಮಕ್ಕಳು ಅಲ್ಲಿರಬಹುದು. ಹಾಲು, ಬಾಳೆಹಣ್ಣಿಗೆ ಈ ವರ್ಷದ ಹಬ್ಬದ ಪಟಾಕಿಯ ಹಣವನ್ನು ತೆಗೆದಿಟ್ಟಿದ್ದೇವೆ. ಕೆಲವರಿಗೆ ಇದು ಹಿಡಿಸಿಲ್ಲವೆಂದು ಗೊತ್ತು, ಅವರ ಜೊತೆ ಪೂಜೆಯ ನಂತರ ಮಾತನಾಡೋಣ.

ಹಾಲು, ಹಣ್ಣು ಇದ್ದರೆ ಸಾಲದು, ಮಕ್ಕಳ ಜೊತೆ ಕುಳಿತುಕೊಳ್ಳುವವರು ಬೇಕು. ನಿವೃತ್ತರಾದವರು, ಮಕ್ಕಳು ದೂರದಲ್ಲಿರುವ ಹಿರಿಯರು, ಕಾಲೇಜಿನ ಯುವಕ ಯುವತಿಯರು, ಯಾರಿಗೆ ಯಾವ ದಿನ ಆಗುತ್ತದೋ ಹೇಳಿ. ಸಕ್ರಿಸ್ತಿಯ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ನಿನ್ನೆ ನವೇನದ ನಂತರ ಈ ಮಾತನ್ನು ಸೂಚ್ಯವಾಗಿ ಹೇಳಿದ್ದಷ್ಟೆ, ಆಗಲೇ ಐದು ಹೆಸರು ಬಂದಿವೆ, ಅದರಲ್ಲಿ ಇಬ್ಬರು ಗಂಡಸರು. ಮೊದಲ ಹೆಸರು ಎಂಬತ್ತರ ಸಮೀಪದ ಒಬ್ಬ ಅಜ್ಜಿಯದು. ಅವರಿಗೆ ಬರೆಯಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತಿದ್ದಾರೆ. ಯಾವ ದಿನ ಬರುತ್ತೀರಮ್ಮಾ ಎಂದರೆ, “ದಿನಾ” ಎಂದರು.