ಪ್ಲೇಯರ್ ತೆರೆಯಲಿಲ್ಲವೆಂದರೆ ಹಾಡು ಹೋಯಿತೆಂದಲ್ಲ



ಹಾಡು ಕೇಳಿಸುವುದು ನಮ್ಮ ನಿತ್ಯದ ಕೆಲಸ. ಇವತ್ತು ಮಾತ್ರ, ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಹಾಡು ಕೇಳಿಸದೇ ಹೋದಾಗ ಏನು ಮಾಡಬೇಕೆಂದು ನಾಲ್ಕು ಮಾತು.

ಊರು ಬಿಟ್ಟು ಬಂದ ನಮ್ಮ ಅನೇಕ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಕಂಪ್ಯೂಟರಿಗೆ ಇಳಿದಿವೆ. ಭಾವಗೀತೆ, ಯಕ್ಷಗಾನ, ಮದುವೆಯಲ್ಲಿ ಅಜ್ಜಿ ಹೇಳಿದ ಸೋಬಾನೆ ಎಲ್ಲ ಅದರಲ್ಲೇ ಇರುತ್ತವೆ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ, ರಿದಮ್‌ಬಾಕ್ಸಿನಲ್ಲಿ ಕೇಳುತ್ತಿರುತ್ತೀರಿ. ಒಂದು ದಿನ ಅದರ ಚಿತ್ರದ ಮೇಲೆ ಒತ್ತಿದರೆ ಏನೂ ತೆರೆಯುವುದಿಲ್ಲ. ಪಕ್ಕದ ಮನೆಯವರು ಬಂದು, "ಫಾರ್ಮ್ಯಾಟ್ ಮಾಡಿಬಿಡಿ, ಸರಿಹೋಗುತ್ತೆ" ಎನ್ನುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ! ಸೋಬಾನೆ ನಿಜವಾಗಿ ಅಳಿಸಿಹೋಗುವುದು ಆಗಲೇ.

ಹಾಡಿನ ಕಡತಗಳು ಒಂದು ಕಡೆ ಇರುತ್ತವೆ, ಪ್ಲೇಯರ್ ಇನ್ನೊಂದು ಕಡೆ ಇರುತ್ತದೆ. ಪ್ಲೇಯರ್ ಕೆಟ್ಟಿತೆಂದು ಹಾಡು ಕೆಡುವುದಿಲ್ಲ. ಮ್ಯೂಸಿಕ್ ಫೋಲ್ಡರ್ ತೆರೆದು ಒಂದು ಹಾಡನ್ನು ವಿಎಲ್‌ಸಿಯಂಥ ಬೇರೆ ಪ್ಲೇಯರಿನಲ್ಲಿ ಕೇಳಿನೋಡಿ. ಕೇಳಿಸಿತೇ? ಅರ್ಧ ಆತಂಕ ಕಳೆಯಿತು.

ಸ್ಟುಡಿಯೋದಲ್ಲಿ ಧ್ವನಿ ನಿಂತರೆ ನಾವು ಮೈಕು, ವಯರು, ಫೇಡರು ಎಂದು ಒಂದೊಂದಾಗಿ ನೋಡುತ್ತೇವೆ. ಇಲ್ಲೂ ಹಾಗೆಯೇ ಮಾಡೋಣ.

ಮೊದಲು, ಪ್ಲೇಯರ್ ಹಿಂದೆಯೇ ತೆರೆದು ಮರೆಯಲ್ಲಿ ಸಿಕ್ಕಿಕೊಂಡಿರಬಹುದು. ಸಿಸ್ಟಮ್ ಮಾನಿಟರಿನಲ್ಲಿ ಅದರ ಹೆಸರಿದ್ದರೆ ಅಲ್ಲೇ ಕೊನೆಗೊಳಿಸಿ, ಮತ್ತೆ ತೆರೆಯಿರಿ.

ಎರಡನೆಯದು, ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿ. ಪೂರ್ತಿ ತುಂಬಿದ್ದರೆ ಪ್ಲೇಯರಿಗೆ ತನ್ನ ಲೆಕ್ಕ ಬರೆದುಕೊಳ್ಳಲು ಸ್ಥಳವಿರುವುದಿಲ್ಲ. ಕಸದ ಬುಟ್ಟಿ ಖಾಲಿ ಮಾಡಿ.

ಮೂರನೆಯದು ಮುಖ್ಯ. ಚಿತ್ರದ ಮೇಲೆ ಒತ್ತಿದಾಗ ಪ್ಲೇಯರ್ ಹೇಳುವ ದೂರು ನಮಗೆ ಕಾಣುವುದಿಲ್ಲ. ಟರ್ಮಿನಲ್ ತೆರೆದು, ಪ್ಲೇಯರಿನ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪಿಸಿ ಎಂಟರ್ ಒತ್ತಿ. ಬರುವ ಸಾಲುಗಳಲ್ಲಿ 'ವಾರ್ನಿಂಗ್' ಎಂದಿರುವುದೆಲ್ಲ ಅಪಾಯವಲ್ಲ. ಕೊನೆಯ ಸಾಲುಗಳನ್ನು ಗಮನವಿಟ್ಟು ಓದಿ. 'ಪರ್ಮಿಷನ್ ಡಿನೈಡ್' ಎಂದಿದ್ದರೆ, ಯಾರೋ ಒಮ್ಮೆ ಪ್ಲೇಯರನ್ನು ಸುಡೋ ಹಾಕಿ ತೆರೆದಿರಬಹುದು. ಅದರ ಫೋಲ್ಡರು 'ರೂಟ್' ಹೆಸರಿಗೆ ಹೋಗಿರುತ್ತದೆ. ಒಡೆತನವನ್ನು ನಿಮ್ಮ ಹೆಸರಿಗೆ ಮರಳಿಸಬೇಕು. 'ಶೇರ್ಡ್ ಆಬ್ಜೆಕ್ಟ್' ಕಡತ ಸಿಗಲಿಲ್ಲ ಎಂದಿದ್ದರೆ, ಬೇಕಾದ ಲೈಬ್ರರಿ ಇಲ್ಲವೆಂದರ್ಥ. ಆಗ ಸಿಸ್ಟಮ್ ಅಪ್‌ಡೇಟ್ ಮಾಡಿ, ಪ್ಲೇಯರನ್ನು ಮತ್ತೆ ಹಾಕಿಕೊಳ್ಳಿ.

ನಾಲ್ಕನೆಯದಾಗಿ, ಕಂಪ್ಯೂಟರಿನಲ್ಲಿ ಹೊಸ ಬಳಕೆದಾರನ ಖಾತೆಯೊಂದನ್ನು ಮಾಡಿ, ಅಲ್ಲಿ ಪ್ಲೇಯರ್ ತೆರೆಯಿರಿ. ಅಲ್ಲಿ ತೆರೆದರೆ ದೋಷ ನಿಮ್ಮ ಖಾತೆಯ ಸೆಟ್ಟಿಂಗಿನಲ್ಲಿದೆ. ಅಲ್ಲೂ ತೆರೆಯದಿದ್ದರೆ ದೋಷ ಪ್ಲೇಯರಿನಲ್ಲೋ ಸಿಸ್ಟಮಿನಲ್ಲೋ ಇದೆ. ಪ್ಲೇಯರನ್ನು ತೆಗೆದು ಮತ್ತೆ ಹಾಕಿದರೂ ಎಷ್ಟೋ ಸಲ ಗುಣ ಕಾಣದಿರುವುದು ಇದಕ್ಕೇ: ಸೆಟ್ಟಿಂಗುಗಳು ನಿಮ್ಮ ಹೋಮ್ ಫೋಲ್ಡರಿನಲ್ಲಿ ಹಾಗೆಯೇ ಉಳಿದಿರುತ್ತವೆ.

ದೋಷ ನಿಮ್ಮ ಖಾತೆಯದೇ ಆದರೆ, ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ. ಮರೆಯಾಗಿದ್ದ ಫೋಲ್ಡರುಗಳು ಕಾಣುತ್ತವೆ. 'ಡಾಟ್ ಲೋಕಲ್', ಅದರೊಳಗೆ 'ಶೇರ್', ಅದರೊಳಗೆ 'ರಿದಮ್‌ಬಾಕ್ಸ್'. ಫ್ಲಾಟ್‌ಪ್ಯಾಕ್ ಮೂಲಕ ಹಾಕಿಕೊಂಡಿದ್ದರೆ 'ಡಾಟ್ ವಾರ್' ಒಳಗೆ ಹುಡುಕಿ. ಆ ಫೋಲ್ಡರನ್ನು ಅಳಿಸಬೇಡಿ. ಹೆಸರಿನ ಮುಂದೆ 'ಓಲ್ಡ್' ಎಂದಷ್ಟೇ ಸೇರಿಸಿ, ಪ್ಲೇಯರ್ ತೆರೆಯಿರಿ. ತೆರೆದರೆ ಪಟ್ಟಿ ಬರಿದಾಗಿ ಕಂಡೀತು, ಗಾಬರಿ ಬೇಡ. ಮ್ಯೂಸಿಕ್ ಫೋಲ್ಡರನ್ನು ತೋರಿಸಿದರೆ ಹಾಡುಗಳು ಮತ್ತೆ ಬರುತ್ತವೆ. ನೀವು ಜೋಡಿಸಿದ ಪಟ್ಟಿಗಳು ಹಳೆಯ ಫೋಲ್ಡರಿನ 'ಪ್ಲೇಲಿಸ್ಟ್ಸ್' ಕಡತದಲ್ಲಿವೆ. ಪ್ಲೇಯರ್ ಮುಚ್ಚಿ, ಆ ಒಂದನ್ನು ಹೊಸ ಫೋಲ್ಡರಿಗೆ ನಕಲು ಮಾಡಿ. ಹೆಸರು ಬದಲಿಸಿಯೂ ತೆರೆಯದಿದ್ದರೆ ಮೊದಲಿನ ಹೆಸರನ್ನೇ ಕೊಡಿ, ನಷ್ಟವೇನೂ ಇಲ್ಲ.

ಕೆಲವೊಮ್ಮೆ ಪ್ಲೇಯರಿಗೇ ವಯಸ್ಸಾಗಿರುತ್ತದೆ. ಅಮರೋಕ್‌ನ 2.9 ಆವೃತ್ತಿ ಬಂದದ್ದು 2018ರಲ್ಲಿ, 3.0 ಬಂದದ್ದು 2024ರಲ್ಲಿ. ಈ ನಡುವೆ ಲಿನಕ್ಸ್ ಮುಂದೆ ಹೋಯಿತು. ಹಳೆಯದನ್ನೇ ಹಿಡಿದು ಕೂತಿದ್ದರೆ ಹೊಸ ಆವೃತ್ತಿ ಹಾಕಿಕೊಳ್ಳಿ, ಇಲ್ಲವೇ ಸ್ಟ್ರಾಬೆರಿಯಂಥ ಬೇರೊಂದನ್ನು ಪ್ರಯತ್ನಿಸಿ.

ಕಡೆಯದಾಗಿ ಒಂದು ಕೋರಿಕೆ. ಪ್ಲೇಯರ್ ಚೆನ್ನಾಗಿರುವಾಗಲೇ ಮ್ಯೂಸಿಕ್ ಫೋಲ್ಡರನ್ನೂ ಆ ಮರೆಯ ಫೋಲ್ಡರನ್ನೂ ಒಂದು ಪೆನ್ ಡ್ರೈವಿಗೆ ನಕಲು ಮಾಡಿಡಿ. ಸಿನಿಮಾ ಹಾಡು ಬೇಕೆಂದರೆ ನಮಗೆ ಬರೆಯಿರಿ, ಹುಡುಕಿ ಹಾಕುತ್ತೇವೆ. ಅಜ್ಜಿಯ ಸೋಬಾನೆ ಮಾತ್ರ ನಮ್ಮ ಸಂಗ್ರಹದಲ್ಲಿಲ್ಲ, ನಿಮ್ಮಲ್ಲೇ ಇದೆ.