ಮಾತನಾಡದ ಮನುಷ್ಯ

ರಾಜಕೀಯ ವ್ಯಂಗ್ಯಚಿತ್ರವೆಂದೊಡನೆ ನಮ್ಮ ನೆನಪಿಗೆ ಬರುವ ಮೊದಲ ಹೆಸರು ಆರ್.ಕೆ. ಲಕ್ಷ್ಮಣ್ ಅವರದು. 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು ಬಾಲ್ಯದಿಂದಲೇ ಕಾಗೆಗಳ ಚಿತ್ರ ಬರೆಯುವ ಹಂಬಲವುಳ್ಳವರು. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅವರು ಅಣ್ಣ ನಾರಾಯಣರ ಕಥೆಗಳಿಗೆ ಚಿತ್ರ ಬರೆದರು. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಪುಟಗಳಲ್ಲಿಯೂ ಅವರ ಗೆರೆ ನಕ್ಕಿತು. ಮುಂದೆ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ 1951ರಿಂದ ‘ಯು ಸೆಡ್ ಇಟ್’ ಎಂಬ ಕಿರುಚಿತ್ರ ಬರತೊಡಗಿತು. ಚೌಕಳಿ ಕೋಟು, ಧೋತರ, ದುಂಡು ಕನ್ನಡಕ, ಪೊದೆಮೀಸೆಯ ಶ್ರೀಸಾಮಾನ್ಯ ಅದರ ನಾಯಕನಾದ.

ಈ ನಾಯಕ ಒಂದು ಮಾತನ್ನೂ ಆಡುವುದಿಲ್ಲ. ಮಂತ್ರಿಗಳು, ಅಧಿಕಾರಿಗಳು ಆಡುತ್ತಾರೆ, ಅವನು ನೋಡುತ್ತಾನೆ. ಮೌನವೆಂದರೆ ಸಮ್ಮತಿಯೇ? ಈ ಪ್ರಶ್ನೆಗೆ ಬೀದರಿನ ನೆಲದಲ್ಲಿ ಒಂದು ಉತ್ತರವಿದೆ.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಪಾಠ ಹೇಳಿಸಿದ ಸಂಗತಿ ಪ್ರಸಿದ್ಧವಾದುದು. ಆ ಕಾಲದಲ್ಲಿ ನೇರ ನುಡಿಗೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೂ ಸಾಕ್ಷಿಯುಂಟು: ರಜಾಕಾರರನ್ನು ಟೀಕಿಸಿದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ವ್ಯಂಗ್ಯಚಿತ್ರದ ಯುಕ್ತಿಯೂ ಭಾಲ್ಕಿಯ ಆ ಫಲಕದಂತಹುದೇ. ಹೊರಗೆ ನಗೆ, ಒಳಗೆ ಪಾಠ.

ಆದರೆ ನಗೆಯ ಫಲಕವೂ ಎಲ್ಲ ಕಾಲಕ್ಕೂ ರಕ್ಷೆಯಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಚಿತ್ರಗಳ ಮೇಲೂ ಸೆನ್ಸಾರಿನ ಕಣ್ಣು ಬಿದ್ದಿತು. ವ್ಯಂಗ್ಯಚಿತ್ರಕಾರ ಶಂಕರರ ‘ಶಂಕರ್ಸ್ ವೀಕ್ಲಿ’ ಅದೇ ವರ್ಷ ನಿಂತುಹೋಯಿತು. ಅಧಿಕಾರಕ್ಕೆ ಸಿಟ್ಟಿನ ಮಾತನ್ನು ಅಲ್ಲಗಳೆಯುವುದು ಸುಲಭ. ನಗೆಗೆ ಉತ್ತರ ಕೊಡುವುದು ಕಷ್ಟ. ಅದಕ್ಕೇ ಅದು ನಗೆಯನ್ನು ಅಂಜುತ್ತದೆ.

ಬೀದರದಿಂದ ಔರಾದಿನವರೆಗೆ ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಸಂತೆಯಲ್ಲಿ ಬೆರೆಯುತ್ತವೆ. ಚಿತ್ರದಡಿಯ ಇಂಗ್ಲಿಷ್ ವಾಕ್ಯಕ್ಕೆ ಇಲ್ಲಿ ಅನುವಾದ ಬೇಕಾದೀತು. ಅರ್ಜಿ ಹಿಡಿದು ಕಚೇರಿಯ ಬಾಗಿಲಲ್ಲಿ ಕಾಯುವವನ ಮುಖಕ್ಕೆ ಬೇಡ. ಲಕ್ಷ್ಮಣರ ಶ್ರೀಸಾಮಾನ್ಯ ಆ ಮುಖವನ್ನೇ ಹೊತ್ತವನು. ಅವನು ಯಾವ ನಾಡಿನವನೆಂದು ಕೇಳಬೇಕಾಗಿಲ್ಲ.

ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನವೇ, ಪುಣೆಯಲ್ಲಿ ಅವರು ತೀರಿಕೊಂಡರು. ಗಣರಾಜ್ಯದ ದೊರೆ ಪ್ರಜೆಯೆಂದು ನಾವು ಹೇಳುತ್ತೇವೆ. ಆ ದೊರೆ ಮೂಲೆಯಲ್ಲಿ ನಿಂತಿದ್ದಾನೆಂಬುದನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಅವರು ದಿನದಿನವೂ ತೋರಿಸಿದರು. ಅವನ ಮೌನ ಸಮ್ಮತಿಯಲ್ಲ, ಸಾಕ್ಷಿ. ಸಾಕ್ಷಿ ನುಡಿಯುವ ದಿನವೂ ಒಂದಿದೆ. ಪ್ರಜಾಪ್ರಭುತ್ವದಲ್ಲಿ ಅದನ್ನು ಮತದಾನದ ದಿನ ಎನ್ನುತ್ತಾರೆ.