ನೋಡ್ ಜೆಎಸ್ ಕಲೀಬೇಕಾ? ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಕೇಳಿ

ತುಂಬಾ ಜನ ಕೇಳ್ತಿರೋ ಪ್ರಶ್ನೆ ಇದು: ‘ಸರ್ವರ್ ಕಡೆ ಕೋಡಿಂಗ್ ಕಲೀಬೇಕು, ನೋಡ್ ಜೆಎಸ್ ಹಿಡೀಲಾ?’ ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಡ್ಜರ್ ಥರಾನೇ ನೋಡೋಣ, ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ.

ಜಾವಾಸ್ಕ್ರಿಪ್ಟ್ ಮುಖ್ಯವಾಗಿ ಬ್ರೌಸರ್ ಒಳಗೇ ಓಡ್ತಿದ್ದ ಭಾಷೆ. 2009ರಲ್ಲಿ ರಯನ್ ಡಾಲ್ ಅವರು ಕ್ರೋಮ್‌ನ ವಿ8 ಎಂಜಿನ್ ಬಳಸಿ ಅದನ್ನ ಸರ್ವರ್‌ನಲ್ಲಿ ಓಡಿಸಿದ್ರು. ಅದೇ ನೋಡ್.

ಮೊದಲು ಲಾಭ. ಹೋಟೆಲಲ್ಲಿ ಒಬ್ಬನೇ ಸಪ್ಲೈಯರ್ ಇದಾನೆ ಅಂದ್ಕೊಳ್ಳಿ. ಒಂದನೇ ಟೇಬಲ್‌ನ ಮಸಾಲೆ ದೋಸೆ ಅಂತ ಅಡುಗೆಮನೆಗೆ ಕೂಗಿ ಹೇಳ್ತಾನೆ. ದೋಸೆ ಆಗೋವರೆಗೂ ಅಲ್ಲೇ ನಿಲ್ಲಲ್ಲ, ಎರಡನೇ ಟೇಬಲ್‌ಗೆ ಹೋಗ್ತಾನೆ. ನೋಡ್‌ನ ಇವೆಂಟ್ ಲೂಪ್ ಮಾಡೋದೂ ಇದನ್ನೇ. ಡೇಟಾಬೇಸ್ ಉತ್ತರ ಕೊಡೋವರೆಗೂ ಸುಮ್ಮನೆ ಕಾಯಲ್ಲ, ಬೇರೆಯವರ ಕೆಲಸ ನೋಡುತ್ತೆ. ಹಾಗಾಗಿ ಚಾಟ್, ಲೈವ್ ಅಪ್‌ಡೇಟ್ ಥರದ ಆ್ಯಪ್‌ಗಳಿಗೆ ಚೆನ್ನಾಗಿ ಹೊಂದುತ್ತೆ. ಜೊತೆಗೆ ಬ್ರೌಸರ್‌ಗೂ ಸರ್ವರ್‌ಗೂ ಒಂದೇ ಭಾಷೆ ಸಾಕು.

ಈಗ ನಷ್ಟ. ಅದೇ ಸಪ್ಲೈಯರ್‌ನ ಹಿಟ್ಟು ರುಬ್ಬೋಕೆ ಕೂರಿಸಿದ್ರೆ? ಎಲ್ಲಾ ಟೇಬಲ್‌ಗಳೂ ಬಾಯಿ ಬಿಟ್ಕೊಂಡು ಕೂರ್ಬೇಕು. ಫೋಟೋ ಸಂಸ್ಕರಣೆ, ಭಾರೀ ಲೆಕ್ಕಾಚಾರ ಮುಖ್ಯ ಥ್ರೆಡ್‌ನಲ್ಲೇ ನಡೆದ್ರೆ ನಿಮ್ಮ ಆ್ಯಪ್ ಬಳಸೋರಿಗೆಲ್ಲ ಇದೇ ಗತಿ. 2018ರಲ್ಲಿ ವರ್ಕರ್ ಥ್ರೆಡ್ಸ್ ಅನ್ನೋ ಸೌಲಭ್ಯ ಬಂತು, ಆದ್ರೆ ಕೆಲಸ ಹಂಚೋ ಜವಾಬ್ದಾರಿ ನಿಮ್ಮದೇ.

ಇನ್ನೊಂದು ಅಪಾಯ ಎನ್‌ಪಿಎಂ, ಅಂದ್ರೆ ಬೇರೆಯವರು ಬರೆದ ಕೋಡ್ ಸಿಗೋ ಉಗ್ರಾಣ. 2016ರ ಮಾರ್ಚ್‌ನಲ್ಲಿ ಒಬ್ಬ ಡೆವಲಪರ್ ‘ಲೆಫ್ಟ್-ಪ್ಯಾಡ್’ ಅನ್ನೋ ಪ್ಯಾಕೇಜ್ ತೆಗೆದುಹಾಕಿದ್ರು. ಅದರಲ್ಲಿದ್ದದ್ದು ಬರೀ 11 ಸಾಲು. ಅಷ್ಟಕ್ಕೇ ಜಗತ್ತಿನಾದ್ಯಂತ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ ಕೈಕೊಟ್ಟಿತು. ಕಂಡ ಪ್ಯಾಕೇಜನ್ನೆಲ್ಲ ಸೇರಿಸ್ಕೊಳ್ಳೋದು, ಗುರುತಿಲ್ಲದವರ ಸಾಲಕ್ಕೆ ಜಾಮೀನು ನಿಂತ ಹಾಗೆ.

ರಯನ್ ಡಾಲ್ ಅವರೇ 2018ರಲ್ಲಿ ನೋಡ್ ಬಗ್ಗೆ ತಮಗಿರೋ ವಿಷಾದಗಳನ್ನ ವೇದಿಕೆ ಮೇಲೆ ಹೇಳಿ, ಡೆನೋ ಅನ್ನೋ ಹೊಸ ರನ್‌ಟೈಮ್ ತೋರಿಸಿದ್ರು.

ಹಾಗಾದ್ರೆ ಕಲೀಬೇಕಾ? ಜಾವಾಸ್ಕ್ರಿಪ್ಟ್ ಬರುತ್ತೆ, ವೆಬ್ ಕೆಲಸಾನೇ ಬೇಕು ಅಂದ್ರೆ ಧಾರಾಳವಾಗಿ ಕಲೀರಿ. ಡೇಟಾ, ಮಷೀನ್ ಲರ್ನಿಂಗ್ ಕಡೆ ಮನಸ್ಸಿದ್ರೆ ಪೈಥಾನ್‌ನಿಂದ ಶುರು ಮಾಡೋದು ಒಳ್ಳೇದು. ನೋಡ್ ಪೂರ್ತಿ ಉಚಿತ. ಮೊದಲು ಒಂದು ಪುಟ್ಟ ಚಾಟ್ ಆ್ಯಪ್ ಕಟ್ಟಿ ನೋಡಿ, ಫೀಸ್ ಕಟ್ಟೋ ಮಾತು ಆಮೇಲೆ.

ಪ್ರಶ್ನೆ ಇದ್ರೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.